ಬಿಸಿಲೇರುವ ಮೊದಲೇ ಇಳಿಯಿರಿ: ಆಲ್ಪ್ಸ್ ವಸಂತದ ಸ್ಕೀ ಚಾರಣ

ಬೆಳಗಿನ ಜಾವ ನಾಲ್ಕೂವರೆ. ಪರ್ವತದ ಹಟ್‌ನ ಬಾಗಿಲು ತೆರೆದು ಹೊರಗೆ ಕಾಲಿಟ್ಟ ಕೂಡಲೇ ಬೂಟಿನ ಹಿಮ್ಮಡಿಯಿಂದ ಹಿಮವನ್ನು ಗುದ್ದಿ ನೋಡಬೇಕು. ಕಲ್ಲಿಗೆ ಬಡಿದಂತೆ ಟಣ್ ಎಂದರೆ ಹೊರಡಬಹುದು. ಹಪ್ಪಳ ಮುರಿದಂತೆ ಹಿಮ ಮುರಿದು ಪಾದ ಮುಳುಗುವಷ್ಟು ಬೂಟು ಒಳಗಿಳಿದರೆ ಅವತ್ತಿನ ಯೋಜನೆ ಬದಲಿಸಬೇಕು. ವಸಂತದಲ್ಲಿ ಎತ್ತರದ ಬೆಟ್ಟಗಳಲ್ಲಿ ಸ್ಕೀ ಮೇಲೆ ಹತ್ತಿ ಇಳಿಯುವವರ ಪಾಠವೆಲ್ಲ ಈ ಒಂದು ಗುದ್ದಿನಲ್ಲಿದೆ. ಯಾವ ದಾರಿ, ಯಾವ ಶಿಖರ ಎನ್ನುವುದು ಆಮೇಲಿನ ಮಾತು. ರಾತ್ರಿ ಹಿಮ ಎಷ್ಟು ಗಟ್ಟಿಯಾಯಿತು, ಹಗಲು ಅದು ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ ಎಂಬ ಲೆಕ್ಕ ಗೊತ್ತಿರಬೇಕು.

ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ವರೆಗಿನ 'ಓಟ್ ರೂಟ್', ಅಂದರೆ ಎತ್ತರದ ದಾರಿ, ಈ ಬಗೆಯ ಚಾರಣಗಳಲ್ಲಿ ಅತ್ಯಂತ ಪ್ರಸಿದ್ಧ. ಬ್ರಿಟಿಷ್ ಪರ್ವತಾರೋಹಿಗಳು 1860ರ ದಶಕದಲ್ಲಿ ಬೇಸಿಗೆಯ ನಡಿಗೆಗೆಂದು ಜೋಡಿಸಿದ ದಾರಿಯಿದು. ಸ್ಕೀ ಮೇಲೆ ಪೂರ್ತಿ ದಾಟಿದ್ದು 1911ರಲ್ಲಿ. ಸುಮಾರು 120 ಕಿ.ಮೀ. ಉದ್ದ, ಒಟ್ಟು 6,000 ಮೀಟರಿನಷ್ಟು ಏರು, ಆರೇಳು ದಿನಗಳ ಪಯಣ. ಜ್ಯೂರಿಕ್, ಮ್ಯೂನಿಕ್‌ಗಳಲ್ಲಿ ಕೆಲಸದಲ್ಲಿರುವ ನಮ್ಮವರು ಅನೇಕರು ಈ ದಾರಿಯ ಬಗ್ಗೆ ಕೇಳುತ್ತಾರೆ. ಬೆಂಗಳೂರಿನಿಂದಲೇ ಹೋಗುವ ಆಸೆಯವರೂ ಇದ್ದಾರೆ. ಇಬ್ಬರಿಗೂ ಆಗುವಂತೆ ಬರೆಯುತ್ತಿದ್ದೇನೆ.

ರಾತ್ರಿಯ ಆಕಾಶ ನೋಡಿ

ಕಾಲ: ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ. ಅದಕ್ಕೆ ಮೊದಲು ಚಳಿಗಾಲದ ಸಡಿಲ ಹಿಮದ ಅಪಾಯ ಹೆಚ್ಚು. ಅದಾದ ಮೇಲೆ ಕೆಳಗಿನ ಕಣಿವೆಗಳಲ್ಲಿ ಹಿಮವೇ ಉಳಿಯುವುದಿಲ್ಲ.

ಈ ತಿಂಗಳುಗಳಲ್ಲಿ ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ ನೀರಾಡುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಬೇಕಾದರೆ ಆಕಾಶ ಶುಭ್ರವಾಗಿರಬೇಕು. ನಮ್ಮೂರಿನ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಮೋಡವಿಲ್ಲದ ಮಾಗಿಯ ರಾತ್ರಿ ಇಬ್ಬನಿ ದಟ್ಟವಾಗಿ ಬೀಳುತ್ತದೆ, ಮೋಡ ಕವಿದರೆ ಬೀಳುವುದಿಲ್ಲ. ನೆಲದ ಶಾಖ ಮೇಲಕ್ಕೆ ಹೊರಟುಹೋಗದಂತೆ ಮೋಡ ಕಂಬಳಿ ಹೊದಿಸುತ್ತದೆ. ಹಿಮದ ವಿಷಯವೂ ಹಾಗೆಯೇ. ಶುಭ್ರ ರಾತ್ರಿಯಲ್ಲಿ ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಹಿಮದ ಮೈ ಗಟ್ಟಿಯಾಗಬಲ್ಲದು. ಮೋಡದ ರಾತ್ರಿಯಲ್ಲಿ ಆಗುವುದಿಲ್ಲ. ಹಾಗಾಗಿ ರಾತ್ರಿ ಒಂದು ಸಲ ಎದ್ದು ಹೊರಗೆ ನಕ್ಷತ್ರ ಕಾಣುತ್ತದೆಯೇ ಎಂದು ನೋಡಿ ಮಲಗುವುದು ಒಳ್ಳೆಯ ಅಭ್ಯಾಸ.

ಬೆಳಗಿನ ಗಟ್ಟಿ ಪದರದ ಮೇಲೆ ಬಿಸಿಲು ಬಿದ್ದು ಒಂದೆರಡು ಅಂಗುಲ ಮಾತ್ರ ಸಡಿಲವಾದಾಗ ಅದು ಇಡ್ಲಿ ರವೆಯಂತೆ ಕಾಳುಕಾಳಾಗುತ್ತದೆ. ಸ್ಕೀ ಮೇಲೆ ಇಳಿಯಲು ಅದಕ್ಕಿಂತ ಹಿತವಾದ ಹಿಮ ಇಲ್ಲ. ಈ ಸ್ಥಿತಿ ಒಂದು ಇಳಿಜಾರಿನಲ್ಲಿ ಒಂದು ಗಂಟೆಯೋ ಎರಡು ಗಂಟೆಯೋ ಇರುತ್ತದೆ. ಆಮೇಲೆ ಅದೇ ಹಿಮ ಅಂಬಲಿಯಾಗುತ್ತದೆ. ಒದ್ದೆ ಹಿಮಕುಸಿತಗಳು ಹೊರಡುವುದು ಆಗಲೇ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಬಳಿಕ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ನಕ್ಷೆ ಹರಡಿಕೊಂಡು ಪ್ರತಿ ಇಳಿಜಾರಿನ ಪಕ್ಕದಲ್ಲಿ 'ಇಲ್ಲಿ ಇಷ್ಟು ಗಂಟೆಯೊಳಗೆ' ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಇದು ನಾನು ಕೊಡಬಲ್ಲ ಅತಿ ಮುಖ್ಯ ಸಲಹೆ.

ನಾನಿದನ್ನು ಕಲಿತದ್ದು ತಪ್ಪು ಮಾಡಿ. ಒಮ್ಮೆ ಒಂದು ಕಣಿವೆದಾರಿಯ ನೆತ್ತಿಯಲ್ಲಿ ಚಹಾ, ಫೋಟೊ ಎಂದು ಮುಕ್ಕಾಲು ಗಂಟೆ ಕುಳಿತುಬಿಟ್ಟೆವು. ಇಳಿಯಲು ಹೊರಟಾಗ ಎರಡನೆಯ ತಿರುವಿನಲ್ಲೇ ಸ್ಕೀ ಮೊಣಕಾಲುದ್ದ ಹೂತುಹೋಯಿತು. ತಲೆಯೆತ್ತಿ ನೋಡಿದರೆ ಎಡಗಡೆ ಐವತ್ತು ಮಾರು ಆಚೆ ಒದ್ದೆ ಹಿಮ, ಯಾರೋ ಕಂಬಳಿ ಎಳೆದಂತೆ, ಸದ್ದಿಲ್ಲದೆ ಜಾರಿ ಹೊರಟಿತ್ತು. ಕೆಳಗೆ ಹೋಗಿ ನಿಂತ ಮೇಲಷ್ಟೇ ಅದರ ಗುಡುಗು ಕೇಳಿಸಿತು. ಅಂದಿನಿಂದ ಚಹಾ ಕುಡಿಯುವುದು ಕೆಳಗೆ ಇಳಿದ ಮೇಲೆಯೇ.

ಊರಿನಲ್ಲೇ ಶುರುವಾಗುವ ತಯಾರಿ

ಸ್ಕೀ ಹಾಕಿ ಗೊತ್ತಿಲ್ಲದವರು ಓಟ್ ರೂಟ್‌ಗೆ ಹೋಗಬಾರದು. ಈ ಮಾತಿನಲ್ಲಿ ರಿಯಾಯಿತಿಯಿಲ್ಲ. ಗುಲ್ಮಾರ್ಗ್, ಔಲಿ, ಮನಾಲಿಯ ಸೋಲಂಗ್‌ನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಸ್ಕೀ ತರಗತಿಗಳು ನಡೆಯುತ್ತವೆ. ಎರಡು ಮೂರು ಚಳಿಗಾಲ ಅಲ್ಲಿ ಕಳೆಯಿರಿ. ಯಾವುದೇ ಬಗೆಯ ಹಿಮದಲ್ಲಿ, ಬೆನ್ನಮೇಲೆ 8–10 ಕಿಲೊ ಚೀಲ ಹೊತ್ತು, ಬೀಳದೆ ಇಳಿಯಲು ಬರಬೇಕು. ಅಂದವಾಗಿ ಇಳಿಯಬೇಕೆಂದೇನಿಲ್ಲ. ಹಗ್ಗ, ಐಸ್ ಆಕ್ಸ್ (ಹಿಮಗೊಡಲಿ), ಕ್ರಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳುಗಳು) ಬಳಕೆಗೆ ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್‌ನ ಪರ್ವತಾರೋಹಣ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಇದೆ. ರಜೆ ಹೊಂದಿಸುವುದು ಕಷ್ಟ. ಆದರೂ ಅದಕ್ಕೆ ಬದಲಿ ಇಲ್ಲ.

ಕಸುವಿಗೆ ಕುಮಾರ ಪರ್ವತ ಸಾಕು. ಕುಕ್ಕೆಯಿಂದ ಗಿರಿಗದ್ದೆಯ ಮೂಲಕ 1,712 ಮೀಟರಿನ ನೆತ್ತಿಗೆ ಚೀಲ ಹೊತ್ತು ಹತ್ತಿ, ಅಂದೇ ಇಳಿದು, ಮರುದಿನ ಮತ್ತೆ ನಡೆಯಲು ಕಾಲು ಒಪ್ಪಿದರೆ ಆಲ್ಪ್ಸ್‌ನ ದಿನಕ್ಕೆ 1,000 ಮೀಟರ್ ಏರು ನಿಮಗೆ ಹೊಸದಲ್ಲ. ಗಾಳಿಯ ತೆಳುವು ಮಾತ್ರ ಬೇರೆ. ಬೆಂಗಳೂರಿನ 920 ಮೀಟರಿನಿಂದ ಹೋದವರು ಎರಡನೆಯ ರಾತ್ರಿಗೇ 3,170 ಮೀಟರಿನ ತ್ರಿಯಾಂ ಹಟ್‌ನಲ್ಲಿ ಮಲಗಿದರೆ ತಲೆ ಸಿಡಿಯುತ್ತದೆ. ಶಾಮೊನಿಯಲ್ಲಿ ಮೂರು ದಿನ ಮೊದಲೇ ಇಳಿದುಕೊಳ್ಳಿ. ಏಗ್ವೀ ದ್ಯು ಮಿದಿಯ ಕೇಬಲ್ ಕಾರು 3,777 ಮೀಟರಿಗೆ ಒಯ್ಯುತ್ತದೆ. ಅಲ್ಲಿಂದ ವಾಲೇ ಬ್ಲಾಂಶ್ ಹಿಮನದಿಯಲ್ಲಿ ಗೈಡ್ ಜತೆ ಇಳಿಯುವುದು ಮೈಗೂ ಸ್ಕೀಗೂ ಒಳ್ಳೆಯ ತಾಲೀಮು. ವಾಕರಿಕೆ, ತಲೆನೋವು ಬಂದರೆ ಮೇಲೆ ಹೋಗಬೇಡಿ.

ಚೀಲದಲ್ಲಿ ಏನಿರಬೇಕು

ಸ್ಕೀ ಚಾರಣದ ಬೈಂಡಿಂಗ್‌ನಲ್ಲಿ ಹತ್ತುವಾಗ ಹಿಮ್ಮಡಿ ಬಿಡುತ್ತದೆ, ಇಳಿಯುವಾಗ ಭದ್ರವಾಗುತ್ತದೆ. ಸ್ಕೀಯ ಅಡಿಗೆ ಅಂಟಿಸುವ ಉದ್ದ ಪಟ್ಟಿಗೆ ಸ್ಕಿನ್ ಎನ್ನುತ್ತಾರೆ. ಹಸುವಿನ ಮೈಯನ್ನು ರೋಮದ ದಿಕ್ಕಿಗೆ ಸವರಿದರೆ ಕೈ ಜಾರುತ್ತದೆ, ಎದುರು ಸವರಿದರೆ ತಡೆಯುತ್ತದೆ. ಸ್ಕಿನ್ ಮುಂದಕ್ಕೆ ಜಾರಿ ಹಿಂದಕ್ಕೆ ಕಚ್ಚಿ ಹಿಡಿಯುವುದೂ ಹೀಗೆಯೇ. ಅದರ ಅಂಟು ಚಳಿಗೆ ಸತ್ತುಹೋಗುತ್ತದೆ. ಇಳಿಯುವಾಗ ಅದನ್ನು ಮಡಚಿ ಜಾಕೆಟ್ಟಿನೊಳಗೆ ಎದೆಗೆ ಒತ್ತಿಟ್ಟುಕೊಳ್ಳಿ. ಬೆಳಗಿನ ಗಾಜಿನಂಥ ಇಳಿಜಾರಿನಲ್ಲಿ ಸ್ಕಿನ್ ಕೂಡ ಹಿಡಿಯುವುದಿಲ್ಲ. ಅದಕ್ಕೆ ಸ್ಕೀಗೆ ಸಿಕ್ಕಿಸುವ ಕ್ರಾಂಪಾನ್ ಬೇಕು. ವಸಂತದಲ್ಲಿ ಅದನ್ನು ಬಿಟ್ಟು ಹೋಗಲೇಬೇಡಿ. ಸ್ಕೀ ಬಾಡಿಗೆಗೆ ಸಿಗುತ್ತದೆ. ಬೂಟು ಮಾತ್ರ ಸ್ವಂತದ್ದು, ಪಳಗಿಸಿದ್ದು ಇರಲಿ. ಮೂರನೆಯ ದಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಚಾರಣ ಅಲ್ಲಿಗೇ ಮುಗಿಯಿತು.

ಹಿಮದಡಿ ಹೂತವರನ್ನು ಹುಡುಕುವ ರೇಡಿಯೊ ಸಾಧನವಾದ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ನೋಡುವ ಪ್ರೋಬ್ ಕೋಲು, ಲೋಹದ ಸಲಿಕೆ: ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಟ್ರಾನ್ಸೀವರ್‌ಗಳೆಲ್ಲ 457 ಕಿಲೊಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಯಾವ ಕಂಪನಿಯದಾದರೂ ಒಂದನ್ನೊಂದು ಹುಡುಕುತ್ತವೆ. ಹಿಮದಡಿ ಹೂತವರು ಬದುಕುಳಿಯುವ ಸಾಧ್ಯತೆ ಮೊದಲ 10–15 ನಿಮಿಷಗಳ ನಂತರ ಕಡಿದಾಗಿ ಕುಸಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ. ಉಳಿಸುವವರು ಪಕ್ಕದಲ್ಲಿದ್ದವರೇ. ಹೊರಡುವ ಮುನ್ನ ಒಂದು ಚೀಲದಲ್ಲಿ ಟ್ರಾನ್ಸೀವರ್ ಹಾಕಿ ಹೂತಿಟ್ಟು, ಐದು ನಿಮಿಷದಲ್ಲಿ ಅಗೆದು ತೆಗೆಯುವ ಅಭ್ಯಾಸ ಮಾಡಿ. ಮೊಬೈಲನ್ನು ಟ್ರಾನ್ಸೀವರ್‌ನಿಂದ ಕನಿಷ್ಠ ಒಂದು ಗೇಣು ದೂರವಿಡಿ, ಹುಡುಕುವಾಗ ಇನ್ನೂ ದೂರ.

ಹಿಮನದಿಯ ಮೇಲೆ ಹಾರ್ನೆಸ್ (ಹಗ್ಗ ಸಿಕ್ಕಿಸುವ ಸೊಂಟಪಟ್ಟಿ) ಸದಾ ಮೈಮೇಲಿರಲಿ. ಚಳಿಗಾಲದ ಹಿಮ ಬಿರುಕುಗಳ ಮೇಲೆ ಸೇತುವೆ ಕಟ್ಟಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಆ ಸೇತುವೆ ಮೆತ್ತಗಾಗುತ್ತದೆ. ಹಿಮ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಎರಚುವುದರಿಂದ ಸನ್‌ಸ್ಕ್ರೀನನ್ನು ಗದ್ದದ ಕೆಳಗೂ ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ. ತಂಪು ಕನ್ನಡಕ ಗಾಢತೆಯಲ್ಲಿ 4ನೇ ದರ್ಜೆಯದಿರಲಿ. ತಿನ್ನಲು ತಂಬಿಟ್ಟು ಒಯ್ಯಿರಿ, ಅದು ಚಾಕೊಲೇಟಿನ ಹಾಗೆ ಕಲ್ಲಾಗುವುದಿಲ್ಲ.

ಗೈಡ್, ಹಟ್, ವೀಸಾ

ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪರ್ವತ ಗೈಡ್ ಇಲ್ಲದೆ ಮೊದಲ ಸಲ ಹೋಗಬೇಡಿ. ಒಬ್ಬ ಗೈಡ್ ಸಾಮಾನ್ಯವಾಗಿ ಆರಕ್ಕಿಂತ ಹೆಚ್ಚು ಜನರನ್ನು ಕರೆದೊಯ್ಯುವುದಿಲ್ಲ. ಹಟ್‌ಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ. ಸಸ್ಯಾಹಾರ ಬೇಕೆಂದು ಆಗಲೇ ತಿಳಿಸಿದರೆ ಮಾಡಿಕೊಡುತ್ತಾರೆ. ಮೇಲೆ ಹರಿಯುವ ನೀರಿಲ್ಲ, ಕುಡಿಯುವ ನೀರನ್ನು ಕೊಳ್ಳಬೇಕಾಗುತ್ತದೆ. ಮಲಗುವಾಗ ಹೊದಿಕೆಯೊಳಗೆ ಹಾಸಿಕೊಳ್ಳುವ ತೆಳು ಚೀಲವೂ ನಗದೂ ಜತೆಗಿರಲಿ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ವಿಮೆಯಲ್ಲಿ ಸ್ಕೀ ಚಾರಣ, ಹಿಮನದಿ, ಹೆಲಿಕಾಪ್ಟರ್ ರಕ್ಷಣೆ ಎಂಬ ಮಾತುಗಳು ಅಕ್ಷರಶಃ ಇವೆಯೇ ಎಂದು ಓದಿ ನೋಡಿ. ವೀಸಾಕ್ಕೆಂದು ಮಾಡಿಸುವ ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಬಹುತೇಕ ಇವು ಇರುವುದಿಲ್ಲ. ತುರ್ತಿಗೆ ಯುರೋಪಿನಲ್ಲೆಲ್ಲ 112, ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿ 144.

ದಾರಿ, ದಿನದಿಂದ ದಿನಕ್ಕೆ

ಮೊದಲ ದಿನ ಅರ್ಜಾಂತಿಯೇರ್ ಹಟ್ (2,771 ಮೀ.). ಎರಡನೆಯ ದಿನ 3,323 ಮೀಟರಿನ ಶಾರ್ದೊನೆ ಕಣಿವೆದಾರಿ. ಅದರ ಆಚೆ ಬದಿ ಗೋಡೆಯಂತೆ ಕಡಿದು, ಹಗ್ಗ ಹಿಡಿದು ಇಳಿಯಬೇಕು. ತಂಡಗಳು ಸಾಲುಗಟ್ಟಿದರೆ ಅಲ್ಲೇ ಒಂದು ಗಂಟೆ ಹೋಗುತ್ತದೆ. ಆದ್ದರಿಂದ ಹಟ್‌ನಿಂದ ಮೊದಲು ಹೊರಡುವ ತಂಡ ನಿಮ್ಮದಾಗಲಿ. ರಾತ್ರಿ ತ್ರಿಯಾಂ ಹಟ್. ಮೂರನೆಯ ದಿನ ಶಾಂಪೆಗೆ ಇಳಿದು, ವಾಹನ ಹಿಡಿದು ವೆರ್ಬಿಯೇ ಮೂಲಕ ಮೋಂ ಫೋರ್ ಹಟ್. ನಾಲ್ಕನೆಯ ದಿನ 3,336 ಮೀಟರಿನ ರೋಸಾಬ್ಲಾಂಶ್ ಬದಿಯಿಂದ ಪ್ರಾಫ್ಲೂರಿ ಹಟ್.

ಐದನೆಯ ದಿನ ನಕ್ಷೆಯ ಮೇಲೆ ಸುಲಭ, ಆದರೆ ನಾನು ಅತಿ ಹೆಚ್ಚು ಹೆದರುವುದು ಅದಕ್ಕೇ. 285 ಮೀಟರ್ ಎತ್ತರದ ಗ್ರಾಂದ್ ದಿಕ್ಸಾಂಸ್ ಅಣೆಕಟ್ಟಿನ ಹಿಂದೆ ಹರಡಿದ ದಿಸ್ ಸರೋವರದ ಪಕ್ಕದಲ್ಲೇ ಕಿಲೊಮೀಟರುಗಟ್ಟಲೆ ಅಡ್ಡ ಸಾಗಬೇಕು. ತಲೆಯ ಮೇಲಿನ ಇಳಿಜಾರುಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಸೂರ್ಯ ಹುಟ್ಟಿದ ಕ್ಷಣದಿಂದ ಅವು ಬಿಸಿಯಾಗುತ್ತವೆ. ದೀಪ ಹಚ್ಚಿಕೊಂಡೇ ಹೊರಟು, ಒಬ್ಬರಿಂದೊಬ್ಬರು ದೂರ ಬಿಟ್ಟು ದಾಟಿ, ದಿಸ್ ಹಟ್ (2,928 ಮೀ.) ಸೇರಿ.

ಆರನೆಯ ದಿನ ದಾರಿಯ ನೆತ್ತಿ, ಸುಮಾರು 3,790 ಮೀಟರಿನ ಪಿನ್ಯ್ ದಾರೋಲಾ. ಅಲ್ಲಿಂದ ಬಂಡೆಯಂಚಿಗೆ ಗೂಡಿನಂತೆ ಅಂಟಿಕೊಂಡ ವಿನ್ಯೆತ್ ಹಟ್‌ಗೆ ಇಳಿತ. 2018ರ ಏಪ್ರಿಲ್ ಕೊನೆಯಲ್ಲಿ ಇದೇ ಬೆಟ್ಟದ ಬಳಿ ಬಿರುಗಾಳಿಗೆ ಸಿಕ್ಕಿ ಬಯಲಲ್ಲಿ ರಾತ್ರಿ ಕಳೆದವರಲ್ಲಿ ಏಳು ಮಂದಿ ತೀರಿಕೊಂಡರು. ಹಟ್ ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು. 2024ರ ಮಾರ್ಚ್‌ನಲ್ಲಿ ಕೊನೆಯ ದಿನದ ದಾರಿಯ ಪಕ್ಕದ ತೇತ್ ಬ್ಲಾಂಶ್‌ನಲ್ಲಿ ಮತ್ತೊಂದು ತಂಡ ಹಾಗೆಯೇ ಬಿರುಗಾಳಿಗೆ ಬಲಿಯಾಯಿತು. ಅದೇ ವರ್ಷ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ ನಮ್ಮ ಬೆಂಗಳೂರಿನಿಂದ ಹೋದ ತಂಡದ ಒಂಬತ್ತು ಮಂದಿಯನ್ನು ಕಳೆದುಕೊಂಡೆವು. ಎತ್ತರದಲ್ಲಿ ಗಾಳಿಯೂ ಮಂಜೂ ಒಟ್ಟಿಗೆ ಬಂದರೆ ಅನುಭವಿಗಳಿಗೂ ಕೈಯೆಟುಕಿನ ಸೂರು ಕಾಣುವುದಿಲ್ಲ. ಆದ್ದರಿಂದ ಹವಾಮಾನ ಕೆಡುವ ಮುನ್ಸೂಚನೆ ಇದ್ದರೆ ಹಟ್ ಬಿಡಬೇಡಿ. ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಸಂಜೆ 5ಕ್ಕೆ ಪ್ರಕಟಿಸುವ ಹಿಮಕುಸಿತ ವರದಿಯನ್ನು ಪ್ರತಿದಿನ ಓದಿ. ಅಪಾಯ ಐದರಲ್ಲಿ ಮೂರನೆಯ ಹಂತ ಎಂದಿದ್ದರೆ 30 ಡಿಗ್ರಿ ಮೀರಿದ ಇಳಿಜಾರುಗಳನ್ನು ಬಿಡಿ. ಸ್ವಿಸ್ ಸರ್ಕಾರಿ ನಕ್ಷೆಯ ಆ್ಯಪ್‌ನಲ್ಲಿ ಅವು ಬಣ್ಣ ಹಚ್ಚಿ ಕಾಣುತ್ತವೆ. ಹಟ್‌ ನೋಡಿಕೊಳ್ಳುವವರನ್ನೂ ಕೇಳಿ. ಅವರು ಬೇಡ ಎಂದರೆ ಬೇಡ. ಹೋದ ದುಡ್ಡಿನ ಲೆಕ್ಕ ಆ ಹೊತ್ತಿನಲ್ಲಿ ಹಾಕಬಾರದು.

ಕೊನೆಯ ದಿನ ಸುಮಾರು 30 ಕಿ.ಮೀ., ಮೂರು ಕಣಿವೆದಾರಿಗಳು: ಎವೇಕ್, ಮೋಂ ಬ್ರ್ಯೂಲೇ, ಕೊನೆಗೆ 3,500 ಮೀಟರ್ ದಾಟಿದ ವಾಲ್ಪೆಲಿನ್. ಐದಕ್ಕೆ ಮೊದಲು ಹೊರಡಿ. ಹನ್ನೊಂದರೊಳಗೆ ವಾಲ್ಪೆಲಿನ್ ಮುಟ್ಟದಿದ್ದರೆ ತಡವಾಯಿತೆಂದೇ ತಿಳಿಯಿರಿ. ಅಲ್ಲಿ ಮ್ಯಾಟರ್‌ಹಾರ್ನ್ ಒಮ್ಮೆಲೇ ಎದುರಾಗುತ್ತದೆ, ಎರಡು ನಿಮಿಷ ನೋಡಿ ಇಳಿಯಿರಿ. ಮುಂದೆ ಹೆಚ್ಚುಕಡಿಮೆ 2,000 ಮೀಟರ್ ಇಳಿತ, ಬಿರುಕು ತುಂಬಿದ ಸ್ಟೋಕ್ಯಿ ಹಿಮನದಿ ದಾಟಿ, ಕೆಳಗೆ ಹುಲ್ಲು ಕಾಣುವವರೆಗೆ.

ಜೆರ್ಮಾಟ್‌ನಿಂದ ಫಿಸ್ಪ್, ಮಾರ್ತಿನಿ, ವಾಲೋರ್ಸಿನ್ ಮೂಲಕ ಶಾಮೊನಿಗೆ ಮರಳುವ ರೈಲಿದೆ. ಬದಲಿಸುವ ಕಡೆಗಳು ಹಲವು, ಹಾಗಾಗಿ ಅಂದೇ ಹೊರಡುವ ಹಟ ಬೇಡ, ಒಂದು ರಾತ್ರಿ ಉಳಿಯಿರಿ. ಕೋಣೆಗೆ ಹೋದ ಕೂಡಲೇ ಸ್ಕಿನ್‌ಗಳನ್ನು ನೆರಳಲ್ಲಿ ನೇತುಹಾಕಿ. ಹೀಟರಿನ ಮೇಲೆ ಹರಡಿದರೆ ಅಂಟು ಹೋಗುತ್ತದೆ.