ಕ್ಯಾಬಿನ್‌ಗೆ ತಾಗದಂತೆ ಕ್ಯಾಂಪರ್

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಹಳೆಯ ಪಾಪ್-ಅಪ್ ಕ್ಯಾಂಪರನ್ನು (ಚಾವಣಿ ಮೇಲೇಳುವ, ಮಲಗಲು ಅನುಕೂಲವಿರುವ ಗೂಡನ್ನು) ನನ್ನ ಹೊಸ ಪಿಕಪ್ ಟ್ರಕ್ಕಿಗೆ ಕೂರಿಸಬಹುದೇ?

ಉತ್ತರ: ಕೊಳ್ಳುವ ಮೊದಲು ಟೇಪ್ ಹಿಡಿಯಿರಿ. ಟ್ರಕ್ಕಿನ ಬೆಡ್‌ನ (ಹಿಂದಿನ ಸರಕು ತೊಟ್ಟಿಯ) ತಳದಿಂದ ಕ್ಯಾಬಿನ್ ಚಾವಣಿಯ ಅತಿ ಎತ್ತರದ ಜಾಗದವರೆಗೆ ಅಳೆಯಿರಿ; ಆಂಟೆನಾ ಇದ್ದರೆ ಅದನ್ನೂ ಸೇರಿಸಿ. ಕ್ಯಾಂಪರಿನ ತಳದಿಂದ ಮುಂಚಾಚಿದ ಮಲಗುವ ಭಾಗದ ಅಡಿಯವರೆಗಿನ ಎತ್ತರ ಇದಕ್ಕಿಂತ ಕನಿಷ್ಠ 2 ಇಂಚು ಹೆಚ್ಚಿರಲಿ. ಕಚ್ಚಾ ರಸ್ತೆಯಲ್ಲಿ ಕ್ಯಾಬಿನ್ ಒಂದು ಕಡೆ, ಬೆಡ್ ಇನ್ನೊಂದು ಕಡೆ ಓಲಾಡುವುದರಿಂದ ಅಲ್ಲಿಗೆ ಇನ್ನೂ ಹೆಚ್ಚು ಅಂತರ ಬೇಕು. ಕ್ಯಾಂಪರ್ ಬೆಡ್‌ನ ಪಕ್ಕದ ಅಂಚುಗಳಿಗೂ ತಾಗಬಾರದು.

ಅಂತರ ಸಾಲದಿದ್ದರೆ ಗಟ್ಟಿ ಫೋಮ್ ಹಲಗೆ, ಪ್ಲೈವುಡ್, ಜಾರದಂತೆ ರಬ್ಬರ್ ಮ್ಯಾಟ್ ಹಾಸಿ ಕ್ಯಾಂಪರನ್ನು ಎತ್ತರಿಸಿ. ಸಸ್ಪೆನ್ಷನ್ ಎತ್ತರಿಸಿ ಲಾಭವಿಲ್ಲ. ಕ್ಯಾಬಿನ್ ಕೂಡ ಜೊತೆಗೇ ಏರುತ್ತದೆ. ಎತ್ತರವಷ್ಟೇ ಸಾಲದು; ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಭಾರದ ಮಿತಿ ನೋಡಿ. ಕ್ಯಾಂಪರ್, ನೀರು, ಸಾಮಾನು, ಜನ ಎಲ್ಲವೂ ಅದರೊಳಗೆ ಬಾರದಿದ್ದರೆ ಕೊಳ್ಳಬೇಡಿ.