ಅನ್ನವನ್ನು ತಡೆಯುವ ಯುದ್ಧ

ಯುದ್ಧವೆಂದರೆ ಬಾಂಬು, ಬಂದೂಕುಗಳೆಂದೇ ನಾವು ಭಾವಿಸುತ್ತೇವೆ. ಗುಂಡು ಹಾರಿಸದೆಯೇ ನಡೆಯುವ ಇನ್ನೊಂದು ಯುದ್ಧವೂ ಇದೆ. ಶತ್ರುವಿನ ಊರಿಗೆ ಹೋಗುವ ಧಾನ್ಯ, ಔಷಧಿ, ನೀರನ್ನು ತಡೆದು ಅವನನ್ನು ಮಣಿಸುವುದೇ ಆ ಯುದ್ಧ. ಅದರಲ್ಲಿ ಮೊದಲು ಬಲಿಯಾಗುವವರು ಹಸುಳೆಗಳು, ಬಾಣಂತಿಯರು ಮತ್ತು ವೃದ್ಧರು. ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಈ ಬಗ್ಗೆ ಎರಡು ಪಾಠಗಳಿವೆ. ಒಂದರಲ್ಲಿ ಅವರು ಹಸಿವನ್ನು ಅನುಭವಿಸಿದರು. ಇನ್ನೊಂದರಲ್ಲಿ ಹಸಿವೆಂಬ ಅಸ್ತ್ರವು ಅವರ ಕೈಗೇ ಬಂದಿತ್ತು.

ಕಣಿವೆಯ ಮೂರು ವರ್ಷಗಳು

ಪ್ರವಾದಿತ್ವದ 7ನೇ ವರ್ಷದಲ್ಲಿ ಕುರೈಶ್ ನಾಯಕರು ಬನೂ ಹಾಶಿಮ್ ಮತ್ತು ಬನೂ ಮುತ್ತಲಿಬ್ ಮನೆತನಗಳಿಗೆ ಬಹಿಷ್ಕಾರ ಹಾಕಿದರು. ಅವರೊಡನೆ ವಿವಾಹ ಸಂಬಂಧವಾಗಲಿ, ಕ್ರಯ-ವಿಕ್ರಯವಾಗಲಿ ಕೂಡದೆಂದು ಬರೆದು ಆ ಪತ್ರವನ್ನು ಕಅಬಾದೊಳಗೆ ತೂಗುಹಾಕಿದರು. ಸುಮಾರು ಮೂರು ವರ್ಷ ಆ ಕುಟುಂಬಗಳು ಅಬೂತಾಲಿಬರ ಕಣಿವೆಯಲ್ಲಿ ದಿನ ಕಳೆದವು. ಎಲೆಗಳನ್ನು ತಿಂದು ಹೊಟ್ಟೆ ಹೊರೆದರು. ಹಸಿದ ಮಕ್ಕಳ ಅಳು ಕಣಿವೆಯ ಆಚೆಗೂ ಕೇಳಿಸುತ್ತಿತ್ತು.

ಆ ಬಹಿಷ್ಕಾರವನ್ನು ಮುರಿದವರು ಯಾರು? ಆಗ ಇಸ್ಲಾಮ್ ಸ್ವೀಕರಿಸದಿದ್ದ ಮಕ್ಕಾದ ಕೆಲವು ನ್ಯಾಯಪ್ರಿಯರು. ಹಿಶಾಮ್ ಬಿನ್ ಅಮ್ರ್ ರಾತ್ರಿ ವೇಳೆ ಒಂಟೆಯ ಮೇಲೆ ಆಹಾರ ಹೇರಿ ಅದನ್ನು ಕಣಿವೆಯೊಳಗೆ ಅಟ್ಟುತ್ತಿದ್ದರು. ಕೊನೆಗೆ ಅವರು ಝುಹೈರ್, ಮುತ್‌ಇಮ್ ಬಿನ್ ಅದಿಯ್ಯ್ ಮುಂತಾದವರನ್ನು ಕೂಡಿಸಿಕೊಂಡು ಆ ಅನ್ಯಾಯದ ಪತ್ರವನ್ನು ಬಹಿರಂಗವಾಗಿ ತಿರಸ್ಕರಿಸಿದರು.

ಯಮಾಮಾದ ಗೋಧಿ

ವರ್ಷಗಳ ಬಳಿಕ ಪರಿಸ್ಥಿತಿ ತಿರುಗಿತು. ಯಮಾಮಾದ ನಾಯಕ ಸುಮಾಮಾ ಬಿನ್ ಉಸಾಲ್(ರ) ಸೆರೆಯಾಳಾಗಿ ಮದೀನಾಕ್ಕೆ ಬಂದರು. ಅವರನ್ನು ಮಸೀದಿಯ ಕಂಬಕ್ಕೆ ಕಟ್ಟಲಾಗಿತ್ತು. ಪ್ರವಾದಿ(ಸ) ಮೂರನೆಯ ದಿನ ಏನನ್ನೂ ಪಡೆಯದೆ ಅವರನ್ನು ಬಿಟ್ಟುಬಿಟ್ಟರು. ಆ ಔದಾರ್ಯ ಕಂಡು ಅವರು ಸತ್ಯವಿಶ್ವಾಸಿಯಾದರು. ಬಳಿಕ ಉಮ್ರಾಕ್ಕೆ ಹೋದಾಗ ಕುರೈಶರು ಹಂಗಿಸಿದ್ದಕ್ಕೆ, ಪ್ರವಾದಿಯವರ(ಸ) ಅನುಮತಿಯಿಲ್ಲದೆ ಯಮಾಮಾದ ಒಂದು ಕಾಳು ಗೋಧಿಯೂ ಮಕ್ಕಾಕ್ಕೆ ಬಾರದೆಂದು ಸಾರಿ, ಹಾಗೆಯೇ ಮಾಡಿದರು.

ಮಕ್ಕಾ ಹಸಿಯಿತು. ಅಂದು ಬಹಿಷ್ಕಾರ ಹಾಕಿದ್ದ ಕುರೈಶರೇ ಇಂದು ರಕ್ತಸಂಬಂಧವನ್ನು ನೆನಪಿಸಿ ಪ್ರವಾದಿ(ಸ)ಗೆ ಪತ್ರ ಬರೆದರು. ಅವರಿನ್ನೂ ಶತ್ರುಗಳೇ ಆಗಿದ್ದರು. ಕಣಿವೆಯ ಲೆಕ್ಕ ತೀರಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಆದರೂ ಧಾನ್ಯವನ್ನು ಬಿಟ್ಟುಕೊಡುವಂತೆ ಪ್ರವಾದಿ(ಸ) ಸುಮಾಮಾರಿಗೆ ಆದೇಶಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಇರಾಕಿನ ಉದಾಹರಣೆ

ನಮ್ಮ ಕಾಲದ ಒಂದು ಘಟನೆಯನ್ನು ಈ ಬೆಳಕಿನಲ್ಲಿ ನೋಡೋಣ. 1990ರ ಆಗಸ್ಟ್ 2ರಂದು ಸದ್ದಾಮ್ ಹುಸೇನರ ಸೇನೆಯು ಕುವೈತನ್ನು ಆಕ್ರಮಿಸಿತು. ಅದು ಸ್ಪಷ್ಟವಾದ ಅಕ್ರಮವಾಗಿತ್ತು. ಅಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ದುಡಿದದ್ದನ್ನೆಲ್ಲ ಬಿಟ್ಟು ವಿಮಾನ ಹತ್ತಬೇಕಾಯಿತು. ನಮ್ಮ ಕರಾವಳಿಯ ಅನೇಕ ಮನೆಗಳು ಆ ದಿನಗಳನ್ನು ಮರೆತಿಲ್ಲ. ಇದೇ ಆಡಳಿತವು 1988ರಲ್ಲಿ ಹಲಬ್ಜಾದ ಕುರ್ದ್ ಜನರ ಮೇಲೆ ವಿಷಾನಿಲ ಸುರಿದು ಸಾವಿರಾರು ಮಂದಿಯನ್ನು ಕೊಂದಿತ್ತು. ಕುರ್ದರ ವಿರುದ್ಧದ ಆ ವರ್ಷದ ಕಾರ್ಯಾಚರಣೆಗೆ ಕುರ್‌ಆನಿನ ಒಂದು ಅಧ್ಯಾಯವಾದ ‘ಅನ್ಫಾಲ್’ನ ಹೆಸರನ್ನೇ ಇಟ್ಟಿತ್ತು!

ಆದರೆ ಶಿಕ್ಷೆ ಯಾರಿಗಾಯಿತು? 1990ರ ಆಗಸ್ಟ್ 6ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಇರಾಕಿನ ಮೇಲೆ ಆರ್ಥಿಕ ದಿಗ್ಬಂಧನ ಹೇರಿತು. ಔಷಧಿಗೆ ವಿನಾಯಿತಿಯೇನೋ ಇತ್ತು. ತೈಲ ಮಾರುವಂತಿಲ್ಲವೆಂದ ಮೇಲೆ ಕೊಳ್ಳಲು ಹಣವೆಲ್ಲಿಂದ ಬರಬೇಕು? 1991ರ ಯುದ್ಧದಲ್ಲಿ ವಿದ್ಯುತ್ ಸ್ಥಾವರಗಳು ನಾಶವಾದ್ದರಿಂದ ನೀರು ಶುದ್ಧೀಕರಣವೂ ನಿಂತು ರೋಗಗಳು ಹರಡಿದವು. ತೈಲಕ್ಕೆ ಬದಲಾಗಿ ಆಹಾರವೆಂಬ ಯೋಜನೆ ಆರಂಭವಾದದ್ದು 1996ರ ಡಿಸೆಂಬರಿನಲ್ಲಿ. ಅದರಲ್ಲಿಯೂ ಇರಾಕಿನ ಆಡಳಿತವು ಕಮಿಷನ್ ಹೊಡೆದದ್ದನ್ನು 2005ರ ತನಿಖೆಯು ಬಯಲಿಗೆಳೆಯಿತು. ದಿಗ್ಬಂಧನದ ಬಹುಭಾಗ ತೆರವಾದದ್ದು 2003ರ ಮೇ ತಿಂಗಳಲ್ಲಿ, ಇನ್ನೊಂದು ಯುದ್ಧದ ಬಳಿಕ.

ಇರಾಕಿನಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಐರ್ಲೆಂಡಿನ ಡೆನಿಸ್ ಹ್ಯಾಲಿಡೇ 1998ರಲ್ಲಿ ಈ ನೀತಿಯನ್ನು ಪ್ರತಿಭಟಿಸಿ ರಾಜೀನಾಮೆಯಿತ್ತರು. ಅವರ ಸ್ಥಾನಕ್ಕೆ ಬಂದ ಜರ್ಮನಿಯ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಅದನ್ನೇ ಮಾಡಿದರು. ಹಿಶಾಮ್ ಮತ್ತು ಮುತ್‌ಇಮ್‌ರಂಥವರು ಎಲ್ಲ ಕಾಲದಲ್ಲಿಯೂ, ಎಲ್ಲ ಸಮುದಾಯಗಳಲ್ಲಿಯೂ ಇರುತ್ತಾರೆ. ಅವರನ್ನು ಗುರುತಿಸಿ ಗೌರವಿಸುವುದು ನಮ್ಮ ಧರ್ಮ.

ಇನ್ನೊಂದು ಮಾತು. ಆ ದಿಗ್ಬಂಧನದಿಂದ ಐದು ಲಕ್ಷ ಮಕ್ಕಳು ಸತ್ತರೆಂಬ ಸಂಖ್ಯೆಯನ್ನು ಅನೇಕ ವೇದಿಕೆಗಳಲ್ಲಿ ಹೇಳಲಾಗುತ್ತಿತ್ತು. 2003ರ ನಂತರದ ಸಮೀಕ್ಷೆಗಳು ಆ ಸಂಖ್ಯೆಯನ್ನು ಸಮರ್ಥಿಸಲಿಲ್ಲ. ಸುದ್ದಿಯನ್ನು ಪರಿಶೀಲಿಸಬೇಕೆಂಬ ಕುರ್‌ಆನಿನ ಆದೇಶವು ನಮ್ಮ ಪರವಾದ ಸುದ್ದಿಗೂ ಅನ್ವಯಿಸುತ್ತದೆ. ಮರ್ದಿತರ ನೋವು ನಿಜವಾದದ್ದು. ಅದಕ್ಕೆ ಉತ್ಪ್ರೇಕ್ಷೆಯ ಆಸರೆ ಬೇಡ.

ನಮ್ಮ ಅಳತೆಗೋಲು

2023ರ ಅಕ್ಟೋಬರ್ 9ರಂದು ಇಸ್ರೇಲಿನ ರಕ್ಷಣಾ ಸಚಿವರು ಗಾಝಾಕ್ಕೆ ಆಹಾರ, ವಿದ್ಯುತ್, ಇಂಧನಗಳನ್ನು ತಡೆಯುವುದಾಗಿ ಘೋಷಿಸಿದಾಗ ನಮ್ಮ ಮನೆಗಳಲ್ಲಿ ಕಣ್ಣೀರು ಹರಿಯಿತು. ಹರಿಯಲೇಬೇಕು. ಆದರೆ 2024ರಿಂದ 2025ರ ಅಕ್ಟೋಬರ್‌ವರೆಗೆ ಸೂಡಾನಿನ ಅಲ್ ಫಾಶಿರ್ ನಗರವನ್ನು ಮುಸ್ಲಿಮರದೇ ಒಂದು ಪಡೆಯು ಸುತ್ತುವರಿದು ಹಸಿವಿಗೆ ದೂಡಿದಾಗ ನಮ್ಮಲ್ಲಿ ಎಷ್ಟು ಮಂದಿ ದುಆ ಮಾಡಿದೆವು? ಒಂದು ಜನತೆಯ ಮೇಲಿನ ದ್ವೇಷವು ನ್ಯಾಯ ಪಾಲಿಸದಂತೆ ನಮ್ಮನ್ನು ಪ್ರೇರಿಸಬಾರದೆಂದು ಕುರ್‌ಆನ್ ಕಲಿಸುತ್ತದೆ. ನಮ್ಮವರೆಂಬ ಪ್ರೀತಿಯೂ ಹಾಗೆ ಪ್ರೇರಿಸಬಾರದೆಂದು ಕಲಿಸುತ್ತದೆ.

ಇದೇ ಅಳತೆಗೋಲನ್ನು ನಮ್ಮ ಮೊಹಲ್ಲಾಕ್ಕೂ ಇಡೋಣ. ಚುನಾವಣೆಯ ಮುನಿಸಿಗೋ ಆಸ್ತಿಯ ಜಗಳಕ್ಕೋ ಒಂದು ಮನೆಯನ್ನು ಜಮಾಅತ್‌ನಿಂದ ಹೊರಗಿಟ್ಟು, ಮದುವೆಗೆ ಹೋಗಬಾರದು, ಮಯ್ಯಿತ್‌ಗೆ ಹೆಗಲು ಕೊಡಬಾರದೆಂದು ಕಟ್ಟಪ್ಪಣೆ ಮಾಡುವುದುಂಟು. ಆಗ ನಾವು ಅರಿಯದೆಯೇ ಕುರೈಶರ ಆ ಪತ್ರಕ್ಕೆ ರುಜು ಹಾಕುತ್ತಿದ್ದೇವೆ. ಬಾವಿಯ ನೀರು ಕೊಡದಿರುವುದು, ದುಡಿದವನ ಕೂಲಿಯನ್ನು ತಡೆಹಿಡಿಯುವುದು ಸಹ ಅದೇ ಯುದ್ಧದ ಚಿಕ್ಕ ರೂಪಗಳು. ಅಂತಹ ಮನೆಯ ಬಾಗಿಲಿಗೆ ಈ ವಾರವೇ ಒಂದು ತಟ್ಟೆ ಊಟ ಕಳುಹಿಸುವ ಗೃಹಿಣಿಯು ಲೋಕಶಾಂತಿಗಾಗಿ ದೊಡ್ಡ ಕೆಲಸವನ್ನೇ ಮಾಡಿದಂತಾಗುವುದು.

ನ್ಯಾಯ ಪಾಲಿಸುವ ಬಲವನ್ನು, ಶತ್ರುವಿನ ಮಗುವಿನ ಹಸಿವನ್ನೂ ಅರಿಯುವ ಹೃದಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.