ಹಂಗಾಮು ಮುಗಿದ ಮೇಲೆ ಮಂಕಾಗುವವರು

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ. ಕಬ್ಬಿನ ಹಂಗಾಮಿನಲ್ಲಿ ಕಡಿಯುವವರ ಗ್ಯಾಂಗ್ ಕೂಡಿಸುವುದು, ಟ್ರ್ಯಾಕ್ಟರ್ ಹೊಂದಿಸುವುದು ಎಲ್ಲ ಅವರದೇ. ಆಗ ನಿದ್ದೆಗೆಟ್ಟರೂ ಹುರುಪಿನಲ್ಲಿರುತ್ತಾರೆ. ಹಂಗಾಮು ಮುಗಿದು ಮುಂಗಡದ ಲೆಕ್ಕ ಬರೆಯಲು ಕೂತರೆ ತಲೆನೋವು, ಎದೆಯುರಿ, ಮಕ್ಕಳ ಮೇಲೆ ಸಿಟ್ಟು. ಕೆಲಸವಿದ್ದಾಗ ಇಲ್ಲದ ಟೆನ್ಷನ್ ಬಿಡುವಿದ್ದಾಗ ಯಾಕೆ?
– ಓದುಗರು, ಕಾಗವಾಡ ತಾಲ್ಲೂಕು

ಉತ್ತರ: ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಸಕ್ಕರೆ ಕಾರ್ಖಾನೆಗಳು ನವೆಂಬರ್ ಸುಮಾರಿಗೆ ಕಬ್ಬು ನುರಿಸಲು ತೊಡಗಿ, ಮಾರ್ಚ್ ಹೊತ್ತಿಗೆ ನಿಲ್ಲುತ್ತವೆ. ಆ ತಿಂಗಳುಗಳಲ್ಲಿ ನಿಮ್ಮ ಮನೆಯವರಂಥ ಬಹಿರ್ಮುಖಿ ಸ್ವಭಾವದವರಿಗೆ ಬೇಕಾದದ್ದೆಲ್ಲ ಸಿಗುತ್ತದೆ. ದಿನಕ್ಕೊಂದು ತೊಡಕು, ಅದನ್ನು ನಿಂತ ಕಾಲಲ್ಲೇ ಬಿಡಿಸುವ ಅವಕಾಶ, ತೂಕದ ಕಾಟಾದ ಮುಂದೆ ಸಾಲುಗಟ್ಟಿದ ಗಾಡಿಗಳ ನಡುವೆ ಚಹಾ, ಹರಟೆ, ಜಗಳ. ಏಪ್ರಿಲ್‌ನಲ್ಲಿ ಉಳಿಯುವುದು ಒಂದು ಖಾತೆ ಪುಸ್ತಕ, ಒಂದು ಖಾಲಿ ಪಡಸಾಲೆ.

ಬಹಿರ್ಮುಖಿ, ಅಂತರ್ಮುಖಿ ಎಂಬ ವಿಂಗಡಣೆಯನ್ನು 1921ರಲ್ಲಿ ವಿವರವಾಗಿ ಮಂಡಿಸಿದವರು ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಮೊಬೈಲಿನಲ್ಲಿ ಓಡಾಡುವ ‘16 ಬಗೆಯಲ್ಲಿ ನೀವು ಯಾರು’ ಪರೀಕ್ಷೆಗಳ ಮೂಲವೂ ಅಲ್ಲೇ ಇದೆ. ಅವುಗಳ ಉತ್ತರವನ್ನು ಜಾತಕದಂತೆ ನಂಬಬೇಕಿಲ್ಲ. ಹೆಚ್ಚಿನ ಜನ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಆದರೂ ಜನರ ನಡುವೆ ಅರಳುವ, ಹೊಳೆದದ್ದನ್ನು ಆಗಲೇ ಮಾಡಿಬಿಡುವ ವ್ಯಕ್ತಿಯನ್ನು ದುಡಿಮೆಗಿಂತ ಹೆಚ್ಚಾಗಿ ದಣಿಸುವ ಸಂಗತಿಗಳಿವೆ: ಒಬ್ಬರೇ ಕೂತು ಮಾಡುವ ಕಾಗದದ ಕೆಲಸ, ಮುಂದಿನ ವರ್ಷದ ಬಾಕಿಯ ಚಿಂತೆ, ನಾಲ್ಕು ಜನರೆದುರು ಬೈಸಿಕೊಳ್ಳುವುದು, ಮಾತು ಬಿಟ್ಟ ಮನೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ದಂಡೆಯ ಜನ ಪರಿಹಾರ ಕೇಂದ್ರ ಸೇರಿದ್ದರು. ಅಂಥ ಹೊತ್ತಿನಲ್ಲಿ ದೋಣಿ, ದನ, ಅಡುಗೆ ಎಂದು ಓಡಾಡುವಷ್ಟು ದಿನ ಇಂಥ ಸ್ವಭಾವದವರು ಗಟ್ಟಿ. ನೀರಿಳಿದು, ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಕುಸಿಯುತ್ತಾರೆ. ‘ಅವಂಗೇನ ಚಿಂತಿ, ನಕ್ಕೋತ ಇರ್ತಾನ’ ಎಂದು ಊರು ಅಂದುಕೊಂಡಿರುವುದರಿಂದ ಆ ಕುಸಿತ ಯಾರಿಗೂ ಕಾಣುವುದಿಲ್ಲ. ಇದು ನಿಜಕ್ಕೂ ನೋವಿನ ಸಂಗತಿ.

ಒತ್ತಡ ಇಂಥವರಲ್ಲಿ ಅಳುವಾಗಿ ಹೊರಬರುವುದು ಕಡಿಮೆ. ಬೈಕಿನ ವೇಗ, ಕೈಗಡ, ಕುಡಿತ, ಅಂಗೈಯಲ್ಲಿ ಮತ್ತೆ ಮತ್ತೆ ತಿಕ್ಕುವ ತಂಬಾಕು-ಸುಣ್ಣವಾಗಿ ಬರುತ್ತದೆ. ತಂಬಾಕಿನಿಂದ ಸಿಗುವ ಸಮಾಧಾನ ಅರೆಗಳಿಗೆಯದು. ನಿಕೋಟಿನ್ ಇಳಿದಂತೆ ಹುಟ್ಟುವ ಸಿಡಿಮಿಡಿಯೇ ಮುಂದಿನ ಚಿಟಿಕೆಗೆ ಕಾರಣ. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಎದೆಯುರಿಯನ್ನು ಮಾತ್ರ ಟೆನ್ಷನ್ ಎಂದು ತಳ್ಳಿಹಾಕಬಾರದು. ಮೊದಲು ಇಸಿಜಿ, ಬಿಪಿ, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಲಿ. ಎದೆ ಹಿಂಡಿದಂತಾಗಿ ಬೆವರು, ಉಸಿರುಕಟ್ಟು ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಂದು ಎಚ್ಚರ: ಕೆಲಸಕ್ಕಾಗಿ ನಿದ್ದೆಗೆಡುವುದು ಬೇರೆ, ನಿದ್ದೆಯೇ ಬೇಡವೆನಿಸಿ ದಿನಗಟ್ಟಲೆ ವಿಪರೀತ ಮಾತು, ಖರ್ಚು, ಆಮೇಲೆ ಆಳವಾದ ಮಂಕು ಬರುವುದು ಬೇರೆ. ಎರಡನೆಯದು ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಮನೋವೈದ್ಯರೇ ಬೇಕು.

ಲೆಕ್ಕವನ್ನು ಒಂದೇ ದಿನಕ್ಕೆ ಮುಗಿಸಲು ಕೂರದೆ, ದಿನಾ ಬೆಳಿಗ್ಗೆ ಅರ್ಧ ತಾಸು, ಪಕ್ಕದಲ್ಲಿ ತಮ್ಮನನ್ನೋ ಗೆಳೆಯನನ್ನೋ ಇಟ್ಟುಕೊಂಡು ಬರೆಯಲಿ. ಹಂಗಾಮಿಲ್ಲದ ತಿಂಗಳುಗಳಲ್ಲಿ ಡೇರಿ, ಭಜನೆ, ಜಾತ್ರೆಯ ಕಮಿಟಿ, ಯಾವುದಾದರೂ ಜನ ಸೇರುವ ಜವಾಬ್ದಾರಿ ಇರಲಿ. ಮಂಕಿದ್ದಾಗ ಸಾಲ, ಹೊಸ ವಾಹನದ ನಿರ್ಧಾರ ಬೇಡ. ತಪ್ಪು ಹೇಳುವುದಿದ್ದರೆ ಮಕ್ಕಳ ಮುಂದೆ ಬೇಡ.

ಪ್ರಶ್ನೆ: ಕಾಲೇಜಿನಲ್ಲಿ ನಾಟಕ, ಭಾಷಣ ಎಂದು ಮುಂದಿದ್ದ ಮಗಳು ಪರೀಕ್ಷೆಗೆ ಓದಲು ವರ್ಷದಿಂದ ಕೋಣೆ ಸೇರಿದ್ದಾಳೆ. ಊಟ, ನಿದ್ದೆ ಎರಡೂ ಕೆಟ್ಟಿವೆ.
– ತಾಯಿ, ನಿಪ್ಪಾಣಿ

ಉತ್ತರ: ಗ್ರಂಥಾಲಯದಲ್ಲಿ, ಇಬ್ಬರು ಗೆಳತಿಯರ ಜತೆ, ಓದಿದ್ದನ್ನು ಜೋರಾಗಿ ಪರಸ್ಪರ ಹೇಳಿಕೊಳ್ಳುತ್ತ ಓದಲಿ. ಎರಡು ವಾರದಲ್ಲೂ ಸುಧಾರಿಸದಿದ್ದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.